ದತ್ತಮಾವ ಹೇಳಿದ ಸಿನೆಮಾ

ಮೊಬೈಲ್ ಮತ್ತೆ ಟಿಣ್ ಎಂದಿತು. ನೋಡದೆಯೇ ಗೊತ್ತು, ಸುಷ್ಮಾ. ಕಾರವಾರದ ಆಫೀಸಿನಲ್ಲಿ ನನ್ನ ಎದುರು ಕೂರುವ ಈ ಪುಣ್ಯಾತ್ಗಿತ್ತಿಗೆ ಹೊಸ ಹುಚ್ಚು ಹಿಡಿದಿದೆ. ಯಾರೋ ಗೆಳೆಯರು ಸೇರಿ ಹಳೆಯ ದರಿದ್ರ ಸಿನೆಮಾ ಹಾಕಿಕೊಂಡು, ಉದ್ದಕ್ಕೂ ಅದನ್ನು ಗೇಲಿ ಮಾಡುತ್ತಾ ಹೋಗುವ ವಿಡಿಯೋಗಳು. ಕಳಿಸಿ ಸುಮ್ಮನಿದ್ದರೆ ಆಗುತ್ತಿತ್ತು. ಊಟದ ಡಬ್ಬಿ ಬಿಚ್ಚುವಾಗಲೂ ಬಿಡುವುದಿಲ್ಲ. "ನೋಡಿದ್ಯನೇ? ಒಂದ್ಸಲ ನೋಡ್ ಮಾರಾಯ್ತಿ, ನಕ್ಕು ನಕ್ಕು ಸಾಯ್ತೆ." ಕೆಟ್ಟ ಸಿನೆಮಾ ನೋಡುವುದೇ ಒಂದು ಶಿಕ್ಷೆ, ಅದರ ಮೇಲೆ ಕಂಡವರ ಗಲಾಟೆ ಬೇರೆ. ತಲೆ ಕೆಡುತ್ತದೋ ಇಲ್ಲವೋ, ನೀವೇ ಹೇಳಿ.

ಅದೂ ಯಾರಿಗೆ ಹೇಳುವುದು? ಇಂಥದ್ದರಲ್ಲೇ ಬೆಳೆದ ನನಗೆ.

ಅವರ್ಸಾದ ದತ್ತಮಾವ ನನ್ನ ಅಮ್ಮನ ಅಣ್ಣ. ಹರೆಯದಲ್ಲಿ ಕೆಲವು ವರ್ಷ ಮುಂಬೈಯ ಹೋಟೆಲೊಂದರ ಅಡುಗೆಮನೆಯಲ್ಲಿದ್ದ. ಹಾಗಾಗಿ ಮನೆಯಲ್ಲಿ ಹಿಂದಿ ಬರುವವನು ಅವನೊಬ್ಬನೇ ಎಂದು ಲೆಕ್ಕ. ಎಷ್ಟು ಬರುತ್ತಿತ್ತೋ ದೇವರೇ ಬಲ್ಲ. ಭಾನುವಾರ ಸಂಜೆ ಟೀವಿಯಲ್ಲಿ ಹಿಂದಿ ಸಿನೆಮಾ ಶುರುವಾದರೆ ಮಾವ ಪಕ್ಕದ ಕುರ್ಚಿಯಲ್ಲಿ, ಈಳಿಗೆಮಣೆಯ ಮೇಲೆ ಅತ್ತೆ, ಅವಳ ಹಿಂದೆ ಅರ್ಧ ಕೇರಿ. ಪರದೆಯ ಮೇಲೆ ಯಾರು ಬಾಯಿ ತೆರೆದರೂ ಅತ್ತೆಯದು ಒಂದೇ ಪ್ರಶ್ನೆ: "ಹೋಯ್, ಅವ ಎಂತ ಹೇಳ್ದ?"

ಖಳನಾಯಕ ಮೇಜು ಗುದ್ದಿ ಅಬ್ಬರಿಸುತ್ತಾನೆ. ಮಾವ ಗಂಭೀರವಾಗಿ, "ಎರಡು ದಿವಸಾಯ್ತು, ಬಂಗಡೆ ಮೀನು ಕಂಡಿಲ್ಲ. ಬರೀ ಬದನೆಕಾಯಿ ಹಾಕಿದ್ರೆ ಸಿಟ್ಟು ಬರೂದಿಲ್ವನಾ ಅಂತಾನೆ." ನಾಯಕಿ ಬಂಡೆಗೆ ಒರಗಿ ಅಳುತ್ತಾಳೆ. "ಕುಮಟಾ ಬಸ್ ತಪ್ಪೋಯ್ತು." ನನಗೋ ಸಿಟ್ಟು, ನಿಜವಾದ ಕಥೆ ಕೇಳಬೇಕು. ಸುಮ್ಮನಿರು ಮಾವಾ ಎಂದರೆ ಕೇರಿಯವರೆಲ್ಲ ನನ್ನನ್ನೇ ಗದರಿಸುತ್ತಿದ್ದರು.

ಆಮೇಲೆ ಧಾರವಾಡದ ಹಾಸ್ಟೆಲಿನಲ್ಲಿ ನಾನೇ ಆ ಬಂಗಡೆ ಸಿನೆಮಾವನ್ನು ಹೊಗಳಿ ಹೊಗಳಿ ನನ್ನ ರೂಮ್‌ಮೇಟಿಗೆ ನೋಡಲು ಹೇಳಿದೆ. ಅವಳು ಪೂರ್ತಿ ನೋಡಿ ಬಂದು, "ಎಲ್ಲಿ ಐತಲೇ ನಿನ್ನ ಬಂಗಡಿ? ಮೂರು ತಾಸು ಬರೇ ಬಡದಾಡ್ತಾರ" ಎಂದು ಎರಡು ದಿನ ಮಾತು ಬಿಟ್ಟಳು. ನಾನೂ ಹುಡುಕಿ ನೋಡಿದೆ. ಅಯ್ಯೋ, ಅಂಥ ರದ್ದಿ ಸಿನೆಮಾ ಇನ್ನೊಂದಿಲ್ಲ.

ಈಗ ಮಾವನಿಗೆ ಕಿವಿ ಪೂರ್ತಿ ಹೋಗಿದೆ. ಕಿವಿಯ ಮಶೀನು ಗುಂಯ್ ಎನ್ನುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದಾನೆ. ಕೇಳಿದ್ದೊಂದು, ಉತ್ತರ ಇನ್ನೊಂದು ಆಗಿ, ಯಾರೋ ನಕ್ಕು, ಕಡೆಗೆ ಅವನು ಬಾಯಿಗೇ ಬೀಗ ಹಾಕಿದ. ಕಳೆದ ಶನಿವಾರ ಅಂಕೋಲೆಯ ಬಸ್ಸಿನಿಂದ ಅವರ್ಸಾದಲ್ಲಿ ಇಳಿದು ಹೋದಾಗ ಅತ್ತೆ ಹೇಳಿದಳು, "ನಂಗೆ ಬೇರೆಂತ ಬೇಡ ತಂಗಿ. ಇವ್ರು ದಿನಕ್ಕೊಂದು ಮಾತಾಡಿದ್ರೆ ಸಾಕು. ಒಬ್ಬಳೇ ಮಾತಾಡಿ ಮಾತಾಡಿ ಸಾಕಾಗ್ಹೋಗದೆ."

ಅಷ್ಟರಲ್ಲಿ ಟಿಣ್. ಸುಷ್ಮಾಳ ಶನಿಕಾಟ. ಬೇರೆ ಮಾತು ಸಿಕ್ಕರೆ ಸಾಕೆಂದು ವಿಡಿಯೋ ಹಾಕಿ, ಫೋನನ್ನು ಸ್ಟೂಲಿನ ಮೇಲೆ ತಂಬಿಗೆಗೆ ಒರಗಿಸಿಟ್ಟೆ. ಆ ಗೆಳೆಯರು ಇಂಗ್ಲಿಷಿನಲ್ಲಿ ಏನೋ ಅಂದು ತಾವೇ ನಕ್ಕರು. "ಇವ್ರು ನಗೂದು ಎಂತಕ್ಕೆ?" ಎಂದಳು ಅತ್ತೆ. ನಗೆಯ ಮಾತನ್ನು ಬಿಡಿಸಿ ಹೇಳುವುದಕ್ಕಿಂತ ದೊಡ್ಡ ಕರ್ಮ ಇಲ್ಲ. ನಾನು ತಡವರಿಸುತ್ತಿದ್ದಾಗ ಮಾವ ಕುರ್ಚಿಯಲ್ಲಿ ಮುಂದೆ ಬಾಗಿದ. ಪರದೆಯಲ್ಲಿ ನಾಯಕ ಗುಡ್ಡ ಇಳಿದು ಓಡುತ್ತಿದ್ದ.

"ಗ್ಯಾಸಿನ ಗಾಡಿ ಬಂತು," ಎಂದ ಮಾವ. "ಇವ ಖಾಲಿ ಸಿಲಿಂಡರ್ ಮನೇಲೇ ಬಿಟ್ಟು ಬಂದಿದ್ದಾನೆ."

ಅತ್ತೆ ಈಳಿಗೆ ಬಿಟ್ಟು ಕೈ ಒರೆಸಿಕೊಂಡು ಅವನ ಎದುರಿಗೇ ಬಂದು ಕೂತಳು. ಬಾಯಿ ದೊಡ್ಡದು ಮಾಡಿ, ನಿಧಾನಕ್ಕೆ, ಹಿಂದೆ ಓಡಿ ಬರುತ್ತಿದ್ದ ನಾಯಕಿಯನ್ನು ಬೆರಳಿಟ್ಟು ತೋರಿಸಿ ಕೇಳಿದಳು. "ಅವ್ಳು ಎಂತ ಹೇಳ್ದಳು?"

"ಒಲೆ ಮೇಲೆ ಸಾರು ಅರ್ಧ ಬೆಂದದೆ, ಓಡಾ ಅಂತಾಳೆ."

ಅತ್ತೆ ನಗುತ್ತಲೇ ಕಣ್ಣೊರೆಸಿಕೊಂಡಳು. ನಾನು ಕೈ ಚಾಚಿ ಫೋನಿನ ಧ್ವನಿ ಪೂರ್ತಿ ಬಂದ್ ಮಾಡಿದೆ. ಆ ಗೆಳೆಯರು ಅಲ್ಲೆಲ್ಲೋ ಬಾಯಿ ಆಡಿಸುತ್ತಿದ್ದಿರಬೇಕು. ಮಾವ ಕೊನೆಯವರೆಗೂ ಹೇಳಿದ, ಅತ್ತೆ ಕೊನೆಯವರೆಗೂ ಕೇಳಿದಳು.

ಇವತ್ತಿನ ಟಿಣ್ ಕೂಡ ಅದೇ. "ನೋಡಿದ್ಯನೇ?"

ಉತ್ತರ ಬರೆದೆ: "ಮೂರೂ ಜನ ನೋಡಿದೆವು. ಇದಕ್ಕಿಂತ ಕೆಟ್ಟದ್ದು ಇದ್ದರೆ ಶನಿವಾರದೊಳಗೆ ಕಳಿಸು."