ನಲವತ್ತೆಂಟು ದಿನದ ಒದ್ದೆ ಧೋತರ

ಅವ್ವನ ಕಣ್ಣು ಕೆಟ್ಟಿದೆಯೆಂದು ಗೊತ್ತಾದದ್ದು ಅವಳು ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ ದಿನ. ಆ ದಿನವೂ ನನಗೆ ಗೊತ್ತಾಗಲಿಲ್ಲ. ನಾವು ಧಾರವಾಡ ಬಿಟ್ಟು ಪುಣೆಗೆ ಬಂದು ಆರು ವರ್ಷವಾಗಿತ್ತು. ಇಲ್ಲಿಯವರು ಸಾರಿಗೂ ಬೆಲ್ಲ ಹಾಕುವ ಜನ. ಅವ್ವನೂ ಕೊನೆಗೆ ಪುಣೆಯವಳಾದಳು ಎಂದುಕೊಂಡು ಎರಡು ಬಟ್ಟಲು ಕುಡಿದೆ. ಅಪ್ಪ ಮಾತ್ರ ತುತ್ತನ್ನು ಬಾಯಲ್ಲೇ ಹಿಡಿದುಕೊಂಡು ಅವ್ವನ ಮುಖ ನೋಡಿದರು.

ಊರಿನ ಕ್ಯಾಂಪ್ ಭಾಗದ ಪಾರ್ಸಿ ಡಾಕ್ಟರರು ಅವಳ ಕಣ್ಣಿಗೆ ದೀಪ ಹಿಡಿದು ನೋಡಿ, ‘ಮೋತಿಬಿಂದು ನಾಹೀ, ಕಾಚಬಿಂದು’ ಎಂದರು. ಮೋತಿಬಿಂದು ಎಂದರೆ ಪೊರೆ, ಕತ್ತರಿಸಿ ತೆಗೆಯಬಹುದು. ಕಾಚಬಿಂದುವಿನಲ್ಲಿ ಹೋದ ದೃಷ್ಟಿ ಹೋದದ್ದೇ. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಲ್ಲಿ ಅರ್ಧ ಉಳಿದಿತ್ತು. ಔಷಧದ ಹನಿ ಕೊಟ್ಟು, ಉಳಿದದ್ದು ಉಳಿಯಲೆಂದು ದೇವರನ್ನು ಬೇಡಿಕೊಳ್ಳಿ ಎಂದರು.

ಬೇಡುವ ಗುತ್ತಿಗೆಯನ್ನು ನಾನು ಹಿಡಿದೆ. ನನಗಾಗ ಹತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ಯಾವ ಕೆಲಸವನ್ನೂ ಮುಗಿಸಿದವನಲ್ಲ, ಆದರೆ ದೇವರ ಮೇಲೆ ನನಗಿದ್ದ ನಂಬಿಕೆ ಪೈಲವಾನನಂತೆ ದಷ್ಟಪುಷ್ಟವಾಗಿತ್ತು. ನಾವು ಹೋಗುತ್ತಿದ್ದ ಮಠದ ಆಚಾರ್ಯರು ಸೇವೆಯ ಕ್ರಮ ಹೇಳಿಕೊಟ್ಟರು: ನಲವತ್ತೆಂಟು ದಿನ ಬೆಳಗಿನ ಜಾವ ತಣ್ಣೀರ ಸ್ನಾನ, ಒದ್ದೆ ಧೋತರದಲ್ಲೇ ಮಡಿಯಿಂದ ಮಠಕ್ಕೆ ನಡಿಗೆ, ಅಲ್ಲಿ ನೂರೆಂಟು ಪ್ರದಕ್ಷಿಣೆ. ದಾರಿಯಲ್ಲಿ ಯಾರನ್ನೂ ಮುಟ್ಟಬಾರದು, ಸೇವೆ ಮುಗಿಯುವವರೆಗೆ ಏನನ್ನೂ ಬಾಯಿಗೆ ಹಾಕಬಾರದು.

ಪುಣೆಯ ಪೇಟೆಯ ಓಣಿಯಲ್ಲಿ ಯಾರನ್ನೂ ಮುಟ್ಟದೆ ನಡೆಯುವುದು! ಎರಡು ಸೈಕಲ್ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಷ್ಟು ಅಗಲದ ಓಣಿ ಅದು. ಡಿಸೆಂಬರ್ ಚಳಿ ಬೇರೆ. ಹಲ್ಲು ಕಟಕಟ ಎನ್ನಿಸುತ್ತ, ಎರಡೂ ಕೈ ಎದೆಗೆ ಅವಚಿಕೊಂಡು, ‘ಸೋವಳ್ಯಾತ್ ಆಹೇ, ಸರಕಾ, ಸರಕಾ!’ ಎಂದು ಜನರನ್ನು ಸರಿಸುತ್ತ, ನನ್ನ ಮಡಿಯನ್ನು ಊರಿಗೆಲ್ಲ ಸಾರುತ್ತ ನಡೆಯುತ್ತಿದ್ದೆ. ಮೂರನೆಯ ದಿನವೇ ಹಾಲು ಮಾರುವ ಗವಳಿಯೊಬ್ಬನ ಎಮ್ಮೆ ಬಂದು ನನ್ನ ಬೆನ್ನಿಗೆ ಮೂತಿ ಒರೆಸಿತು.

‘ಅಹೋ ಶಾಸ್ತ್ರೀಬುವಾ, ಮ್ಹಶೀಲಾ ಕಸಲಂ ಸೋವಳಂ?’ ಎಂದು ಗವಳಿ ನಕ್ಕ. ಎಮ್ಮೆಗೆ ಎಲ್ಲಿಯ ಮಡಿ ಎಂಬುದು ನ್ಯಾಯವಾದ ಪ್ರಶ್ನೆಯೇ. ನಾನು ನಾವು ಬಾಡಿಗೆಗಿದ್ದ ವಾಡೆಗೆ ಓಡಿ ಮತ್ತೆ ಸ್ನಾನ ಮಾಡಿದೆ. ಎರಡನೆಯ ಸಲ ಹೊರಟಾಗ ಅದೇ ಎಮ್ಮೆ ಅಲ್ಲೇ ಕಾಯುತ್ತಿತ್ತು. ಆ ದಿನ ಐದು ಸ್ನಾನ. ನಮ್ಮ ವಾಡೆಯಲ್ಲಿ ಎಂಟು ಸಂಸಾರಕ್ಕೆ ಒಂದೇ ನಳ. ಉಳಿದ ಏಳು ಸಂಸಾರದವರು ಅಂದು ನನ್ನ ಭಕ್ತಿಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಇಪ್ಪತ್ತಮೂರನೆಯ ದಿನ ಮಹಾಪಾತಕ ನಡೆಯಿತು. ಮೂಲೆಯ ಇರಾಣಿ ಅಂಗಡಿಯವನು ಬಾಗಿಲು ತೆರೆದು ಚಹಾಕ್ಕೆ ನೀರಿಟ್ಟಿದ್ದ. ನನ್ನ ಕಾಲು ಮಠದ ದಾರಿ ಹಿಡಿದದ್ದು ನೆನಪಿದೆ. ಕೈಯಲ್ಲಿ ಕಪ್ಪು ಹೇಗೆ ಬಂತು ಎಂಬುದು ಇಂದಿಗೂ ರಹಸ್ಯ. ಕುಡಿದೆ, ಓಡಿದೆ, ಸ್ನಾನ ಮಾಡಿದೆ, ಮತ್ತೆ ಹೊರಟೆ. ಆದರೆ ಎದೆಯೊಳಗೆ ಆ ಚಹಾ ತಣ್ಣಗಾಗಲಿಲ್ಲ.

ಪ್ರತಿ ದಿನ ಮಠದಿಂದ ಬಂದ ಮೇಲೆ ಅವ್ವನ ಮುಂದೆ ಬೆರಳು ಹಿಡಿಯುತ್ತಿದ್ದೆ. ‘ಎಷ್ಟವ್ವಾ?’ ಮೊದಲ ವಾರ ಸರಿಯಾಗಿ ಹೇಳುತ್ತಿದ್ದಳು. ಆಮೇಲೆ ಎರಡನ್ನು ಮೂರು ಎನ್ನತೊಡಗಿದಳು. ಆಮೇಲೆ ನನ್ನ ದನಿಯಿಂದ ಉತ್ತರ ಊಹಿಸತೊಡಗಿದಳು. ನಲವತ್ತೆಂಟನೆಯ ದಿನ ಐದೂ ಬೆರಳು ಅಗಲಿಸಿ ಅವಳ ಮುಖದ ಹತ್ತಿರ ಹಿಡಿದೆ.

‘ಯಾಕ ಸುಮ್ಮನ ನಿಂತಿ?’ ಎಂದಳು ಅವ್ವ. ‘ಕೈ ಎತ್ತು.’

ನಾನು ಕೈ ಇಳಿಸಿ ಮಠಕ್ಕೆ ಓಡಿದೆ. ಆಚಾರ್ಯರು ಹೂ ಬಿಡಿಸುತ್ತ ಕೂತಿದ್ದರು. ಚಹಾದ ಕಥೆಯನ್ನೆಲ್ಲ ಒದರಿದೆ.

‘ನನ್ನ ಚಹಾದ ಸಲುವಾಗಿ ಅವ್ವನ ಕಣ್ಣು ಹೋತೇನ್ರಿ?’

‘ನಿನ್ನ ಒಂದು ಕಪ್ಪು ಚಹಾಕ್ಕ ಅಷ್ಟು ಶಕ್ತಿ ಅದ ಅಂತ ತಿಳದೀಯೇನೋ ಹುಚ್ಚಪ್ಪಾ? ಎಲ್ಲಾ ಅನಾದಿಯಿಂದ ಠರಾವ್ ಆಗಿರ್ತದ.’

‘ಹಂಗಾರ ನನ್ನ ಸೇವಾ?’

‘ಅದೂ ಠರಾವ.’

‘ಆ ಎಮ್ಮಿ?’

‘ಎಮ್ಮೀನೂ.’

‘ಚಹಾ?’

ಆಚಾರ್ಯರು ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿದರು. ‘ಚಹಾ ನಿನ್ನ ಯೋಗ್ಯತಾ.’

ಆಮೇಲೆ ತತ್ತ್ವ ಬಿಡಿಸಿ ಹೇಳಿದರು. ಜೀವರಲ್ಲಿ ಮೂರು ಬಗೆ. ಮುಕ್ತಿಗೆ ಹೋಗುವವರು, ಸಂಸಾರದಲ್ಲೇ ಸುತ್ತುವವರು, ಎಂದೂ ಮುಗಿಯದ ಕತ್ತಲೆಗೆ ಬೀಳುವವರು. ಅದೇ ಜೀವದ ಯೋಗ್ಯತೆ, ಅದರ ಸ್ವಭಾವ, ದೇವರೂ ಅದನ್ನು ಬದಲಿಸುವುದಿಲ್ಲ. ರೈಲಿನ ಮೂರು ಕ್ಲಾಸುಗಳಂತೆ ಎಂದುಕೊಂಡೆ, ಆದರೆ ಈ ತಿಕೀಟನ್ನು ನಾವು ಕೊಂಡದ್ದಲ್ಲ, ನಡುವೆ ಡಬ್ಬಿ ಬದಲಿಸುವಂತೆಯೂ ಇಲ್ಲ.

‘ನಾ ಯಾವ ಪೈಕಿ ಇರಬಹುದ್ರಿ?’

‘ಅದು ದೇವರಿಗೇ ಗೊತ್ತು. ಆದರ ಇಷ್ಟು ಪ್ರಶ್ನಿ ಕೇಳೋರು ಮ್ಯಾಲಿನ ಪೈಕಿ ಇದ್ದದ್ದು ನಾ ಕಂಡಿಲ್ಲ.’

ಹೊರಗೆ ಬಂದಾಗ ಹಗುರವಾಗಿದ್ದೆ. ತಪ್ಪು ನನ್ನದಲ್ಲ! ಕಾಯಿಪಲ್ಲೆ ಮಂಡಿಯವರೆಗೆ ನನ್ನಂಥ ಸುಖಿ ಇರಲಿಲ್ಲ. ಒಂದು ಪೇರಲಹಣ್ಣು ಕೊಂಡು ಕಚ್ಚಿದೆ. ಎರಡನೆಯ ಸಲ ಕಚ್ಚುವಾಗ ಹೊಳೆಯಿತು: ಉತ್ತರ ಮೊದಲೇ ತಯಾರಿತ್ತು, ಆದರೂ ದೇವರೆಂಬವನು ನಲವತ್ತೆಂಟು ದಿನ ನಾನು ನಡುಗುವುದನ್ನು ನೋಡುತ್ತ ಕೂತಿದ್ದ. ನಮ್ಮ ವಾಡೆಯ ಮಾಲಕ ಮಹಾ ಜಿಪುಣ. ಆದರೂ ಗೋಡೆಗೆ ಸುಣ್ಣ ಬಳಿಸುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಡುತ್ತಾನೆ.

ಓಣಿಯ ತಿರುವಿನಲ್ಲಿ ಮಾರುತಿಯ ಗುಡಿ. ರೂಢಿಯಂತೆ ಕೈ ಮೇಲೆದ್ದಿತು. ಏನು ಕೇಳಲಿ? ಠರಾವಿನಲ್ಲಿ ಇಲ್ಲದ್ದನ್ನು ಕೊಡುವುದಿಲ್ಲ, ಇದ್ದದ್ದನ್ನು ಕೇಳದಿದ್ದರೂ ಕೊಡುತ್ತಾನೆ. ಎದ್ದ ಕೈಗೆ ಕೆಲಸವಿಲ್ಲದೆ ತಲೆ ಕೆರೆದುಕೊಂಡು ಮನೆಗೆ ಬಂದೆ. ನನ್ನ ಪೈಲವಾನ ನಂಬಿಕೆ ಹೀಗೆ, ಕುಸ್ತಿಯೇ ಇಲ್ಲದೆ ಮಲಗಿಬಿಟ್ಟಿತು.

ಇಷ್ಟಾದರೂ ತೊಂದರೆಯಿರಲಿಲ್ಲ, ಅವ್ವನ ಬೆರಳುಗಳು ಇಲ್ಲದಿದ್ದರೆ. ದೃಷ್ಟಿ ಹೋದ ಮೇಲೆ ಅವಳು ದಿನಾ ಬೆಳಿಗ್ಗೆ ನನ್ನ ಹಣೆ ಮುಟ್ಟಿ, ಗೋಪೀಚಂದನದ ನಾಮ ಒಣಗಿದೆಯೇ ಎಂದು ನೋಡುತ್ತಿದ್ದಳು. ಮುಟ್ಟಿದ ಮೇಲೆ ಅವಳ ಮುಖ ನಿರಾಳವಾಗುತ್ತಿತ್ತು. ನಂಬಿಕೆ ಬಿಟ್ಟ ನಾನು ಆ ಬೆರಳುಗಳಿಗಾಗಿ ಎರಡು ವಾರ ನಾಮ ತೀಡಿಕೊಂಡೆ. ದೇವರಿಗೆ ಮೋಸ ಮಾಡುವುದಕ್ಕೆ ಅಂಜಿಕೆಯಿರಲಿಲ್ಲ. ಕಾಣದ ಅವ್ವನಿಗೆ ಮೋಸ ಮಾಡುವುದು ದಿನದಿನಕ್ಕೆ ಕಷ್ಟವಾಗತೊಡಗಿತು. ಒಂದು ಬೆಳಿಗ್ಗೆ ಬರಿ ಹಣೆಯಲ್ಲೇ ಹೋಗಿ ಕೂತೆ.

‘ಮರತೇನೋ?’ ಎಂದಳು.

‘ಇಲ್ಲವ್ವಾ. ನನಗ ನಂಬಿಕಿ ಉಳದಿಲ್ಲ.’

ಬೆರಳು ಹಣೆಯ ಮೇಲೆಯೇ ನಿಂತವು.

‘ನನ್ನ ಕಣ್ಣಿನ ಸಲುವಾಗಿ ಬಿಟ್ಟೀ?’

‘ಹ್ಞೂಂ.’

‘ಕಣ್ಣು ನಂದು. ನಾನ ಬಿಟ್ಟಿಲ್ಲಲ್ಲೋ.’

ಅವಳು ನನ್ನ ಹಣೆಯನ್ನು ಮೆಲ್ಲಗೆ ಹಿಂದಕ್ಕೆ ನೂಕಿದಳು.

‘ಊಟಕ್ಕ ಕೂಡೋ ಮುಂದ ಹಚ್ಚಿಕೊಂಡು ಬಾ. ನಿಮ್ಮಪ್ಪ ನೋಡ್ತಾರ. ನನಗೇನು, ಕಾಣಂಗಿಲ್ಲ.’

ಹೇಳಿ ಅವಳೇ ಮೊದಲು ನಕ್ಕಳು. ಮನೆಯಲ್ಲಿ ತಮಾಷೆ ಮಾಡುವವನು ನಾನೊಬ್ಬನೇ ಎಂದು ತಿಳಿದಿದ್ದೆ. ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.