ನಿಧಾನಕ್ಕನ ಹಳದಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ರಕ್ತದ ಕೊಳವೆಗಳಿದ್ದ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದ ಹೆಂಗಸೊಬ್ಬರು ತುಂಬಿದ ಕೊಡ ಹೊತ್ತವರಂತೆ ಹೆಜ್ಜೆ ಇಡುತ್ತಿದ್ದಾರೆ. ಹಿಂದೆ ಸ್ಟ್ರೆಚರ್ ತಳ್ಳಿಕೊಂಡು ಬಂದ ವಾರ್ಡ್‌ಬಾಯ್‌ಗೆ ತಡೆಯಲಾಗುವುದಿಲ್ಲ.

"ನಿಧಾನಕ್ಕ, ಐಸ್ ಕರಗೋದ್ರೊಳಗೆ ತಲುಪ್ತೀರಾ?"

"ತಲುಪ್ತೀನಪ್ಪ, ನೀನು ಡಿಕ್ಕಿ ಹೊಡೀದಿದ್ರೆ."

ಇವರ ಕೆಲಸ ರಕ್ತದಲ್ಲಿ ಹಿಸ್ಟಮಿನ್ ಅಳೆಯುವುದು. ಸೊಳ್ಳೆ ಕಚ್ಚಿದ ಜಾಗ ಊದಿ ತುರಿಸುವುದು ಇದರದೇ ಕೈವಾಡ. ರಕ್ತದ ಕೆಲವು ಕಣಗಳು ಇದನ್ನು ಹೊಟ್ಟೆಯಲ್ಲಿ ತುಂಬಿಕೊಂಡೇ ಓಡಾಡುತ್ತವೆ. ಕೊಳವೆ ಕುಲುಕಿದರೆ, ಸೂಜಿ ತೀರಾ ಸಣ್ಣದಾದರೆ, ಕಣ ಒಡೆದು ಒಳಗಿದ್ದದ್ದೆಲ್ಲ ಹೊರಗೆ. "ಅಲರ್ಜಿ ರೋಗಿಗಲ್ಲ, ಕೊಳವೆಗೇ ಬಂದಂಗಾಗುತ್ತೆ" ಎಂದು ನಗುತ್ತಾರೆ ನಿಧಾನಕ್ಕ.

ಪ್ರಯೋಗಾಲಯದಲ್ಲಿ ಕಣಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಪುಟ್ಟ ಗುಣಿಗಳ ತಟ್ಟೆಗೆ ಹಾಕುತ್ತಾರೆ. ಕೊನೆಯ ರಾಸಾಯನಿಕದ ಹನಿ ಬಿದ್ದಾಗ ಗುಣಿಗಳು ಹಳದಿಯಾಗುತ್ತವೆ. ವಿಚಿತ್ರವೆಂದರೆ ಹಿಸ್ಟಮಿನ್ ಹೆಚ್ಚಿದ್ದಷ್ಟೂ ಹಳದಿ ಮಂಕು.

"ಮೊದಮೊದಲು ನಂಗೂ ತಲೆ ಕೆಟ್ಟೋಗ್ತಿತ್ತು. ಕುರ್ಚಿ ಆಟ ಅಂದ್ಕೊಳ್ಳಿ. ಹಿಸ್ಟಮಿನ್ ಹೋಗಿ ಕೂತ್ಬಿಟ್ರೆ ಬಣ್ಣ ತರೋನಿಗೆ ಜಾಗ ಎಲ್ಲಿ?"

ಪ್ರತಿ ತಟ್ಟೆಯಲ್ಲೂ ಒಂದು ಗುಣಿ, ಯಾವ ಅಲರ್ಜಿಯೂ ಇಲ್ಲದ ಅವರದೇ ರಕ್ತಕ್ಕೆ ಮೀಸಲು. ಅದು ಕಡುಹಳದಿ ಬಂದರೆ ಅಂದಿನ ಕೆಲಸ ಸರಿ. ಮಂಕಾದರೆ ಆ ತಟ್ಟೆಯ ಒಂದು ವರದಿಯೂ ಹೊರಗೆ ಹೋಗದು. ಇದು ಅವರೇ ಮಾಡಿಕೊಂಡ ಕಟ್ಟಳೆ.

ಆದರೆ ಬಂದವರಿಗೆಲ್ಲ ಚುಚ್ಚುವ ಈ ನಿಧಾನಕ್ಕನಿಗೆ ತಮ್ಮ ತೋಳಿಗೆ ಬರುವ ಸೂಜಿ ಕಂಡರೆ ಎಲ್ಲಿಲ್ಲದ ಹೆದರಿಕೆ! ವಾರ್ಡಿನಲ್ಲಿ ನರ್ಸ್ ಆಗಿರುವ ಓರಗಿತ್ತಿಯೇ ಬಂದು ಇವರ ರಕ್ತ ತೆಗೆಯಬೇಕು. "ಮುಖ ಗೋಡೆ ಕಡೆ, ಕಣ್ಣು ಮುಚ್ಚಿ. ಇವರಿಗಿಂತ ಮಕ್ಕಳೇ ವಾಸಿ" ಎಂದು ಓರಗಿತ್ತಿ ಛೇಡಿಸುತ್ತಾರೆ.

ಈ ಹೆದರಿಕೆ ಕಳೆದ ತಿಂಗಳು ಒಬ್ಬರ ಪಾಲಿಗೆ ಮುಳುವಾಗುವುದರಲ್ಲಿತ್ತು. ಬಟ್ಟೆ ಹೊಲಿಯುವ ಹೆಂಗಸು. ಆಗಾಗ ಮುಖ ಕೆಂಪೇರಿ, ತಲೆ ಸುತ್ತಿ ಬೀಳುತ್ತಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮಾಮೂಲು; ಹಿಸ್ಟಮಿನ್ ಕೆಲವೇ ನಿಮಿಷಗಳಲ್ಲಿ ಮಾಯವಾಗುವುದರಿಂದ ರಕ್ತದಲ್ಲೂ ಏನೂ ಸಿಗುತ್ತಿರಲಿಲ್ಲ. ಗಂಡನ ಬಾಯಲ್ಲಿ ಒಂದೇ ಮಾತು, ನಾಟಕ. ಅವತ್ತು ಅವರು ಕಾರಿಡಾರಿನಲ್ಲೇ ಬಿದ್ದರು. ನಿಧಾನಕ್ಕ ದಪ್ಪ ಸೂಜಿ ಹಾಕಿ ಕೂಡಲೇ ರಕ್ತ ತೆಗೆದರು. ಹೊಲಿಗೆಯವರ ಗುಣಿ ಹೆಚ್ಚುಕಡಿಮೆ ನೀರಿನ ಬಣ್ಣಕ್ಕೆ ಬಂತು. ಕೊನೆಗೂ ಸಿಕ್ಕಿತೆಂದು ಡಾಕ್ಟರು ಹಿಗ್ಗಿದರು. ಆದರೆ ಪಕ್ಕದಲ್ಲೇ ನಿಧಾನಕ್ಕನ ಗುಣಿಯೂ ಮಂಕಾಗಿತ್ತು.

ಕಟ್ಟಳೆ ಎಂದರೆ ಕಟ್ಟಳೆ. ವರದಿ ನಿಂತಿತು. ಹೊಲಿಗೆಯವರು ಕೇಳಿದ್ದು ಇಷ್ಟೇ: "ಹಾಗಾದ್ರೆ ನಾನು ಇನ್ನೊಂದ್ಸಲ ಬೀಳ್ಬೇಕಾ?"

ನಿಧಾನಕ್ಕ ತಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಿಳಿ ನಸುಗೆಂಪಾಗಿತ್ತು, ಕಣ ಒಡೆದಿದ್ದವು. ಓರಗಿತ್ತಿಯನ್ನು ತರಾಟೆಗೆ ತೆಗೆದುಕೊಳ್ಳಲು ಹೋದರೆ ಆಕೆ ಬಿಟ್ಟಾರೆಯೇ?

"ಅಕ್ಕ, ಸಣ್ಣ ಸೂಜಿ ಹಾಕೇ ಅಂತ ಗೋಗರೆದಿದ್ದು ಯಾರು?"

ನಿಧಾನಕ್ಕ ಪ್ರಯೋಗಾಲಯಕ್ಕೆ ವಾಪಸಾದರು. ಪುಣ್ಯಕ್ಕೆ ಹೊಲಿಗೆಯವರ ತಿಳಿಯಲ್ಲಿ ಅರ್ಧವನ್ನು ಫ್ರೀಜರಿನಲ್ಲಿ ಎತ್ತಿಟ್ಟಿದ್ದರು. ಅದರಲ್ಲಿ ಕೆಂಪಿನ ಸುಳಿವಿಲ್ಲ. ಮರುದಿನ ಹೊಸ ತಟ್ಟೆ, ತಮಗೂ ದಪ್ಪ ಸೂಜಿ. ಸಂಜೆ ನೋಡಿದರೆ ನಿಧಾನಕ್ಕನದು ಕಡುಹಳದಿ, ಹೊಲಿಗೆಯವರದು ಮೊದಲಿನಷ್ಟೇ ಪೇಲವ. ವರದಿ ಹೊರಟಿತು, ಔಷಧಿ ಶುರುವಾಯಿತು.

"ಕಾಯಿಲೆ ಇದೆ ಅಂದ್ರೆ ಯಾರಾದ್ರೂ ಖುಷಿ ಪಡ್ತಾರಾ? ನಾನು ಪಟ್ಟೆ" ಎನ್ನುವಾಗ ಹೊಲಿಗೆಯವರ ಕಣ್ಣು ತುಂಬಿಕೊಳ್ಳುತ್ತದೆ.

ಇವತ್ತಿನ ತಟ್ಟೆ ಸಿದ್ಧವಾಗಿದೆ. ಓರಗಿತ್ತಿ ದಪ್ಪ ಸೂಜಿ ಹಿಡಿದು ಬರುತ್ತಾರೆ. ನಿಧಾನಕ್ಕ ತೋಳು ಚಾಚುತ್ತಾರೆ. ಈಗ ಮುಖ ಗೋಡೆಯ ಕಡೆಗಿಲ್ಲ.

"ಹೆದರಿಕೆ ಹಂಗೇ ಇದೆ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ನನ್ನ ತೋಳಲ್ಲಿ ಏನೂ ಇಲ್ಲ ಅಂತ ನಾನು ದಿನಾ ತೋರಿಸ್ಬೇಕು. ಆಗ್ಲೇ ಅವರ ತೋಳಲ್ಲಿ ಇರೋದನ್ನ ಜನ ನಂಬೋದು."