ಬಲಗೈ ಬಳೆ ತೆಗೆದ ಭಾನುವಾರ

ಆಗ ನನಗೆ ಐವತ್ತೆಂಟು ವರ್ಷ. ಇದು ಎಂಟು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಹೆಂಗಸರು ಮೊಮ್ಮಕ್ಕಳ ತಲೆಗೆ ಎಣ್ಣೆ ಹಚ್ಚುತ್ತಾರೆ, ತಮ್ಮ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಾರೆ. ನಾನೂ ಅದನ್ನೆಲ್ಲ ಮಾಡಿದೆ. ಅದರ ಜೊತೆಗೆ ಏಡಿ ಬೇಟೆ ಕಲಿತೆ.

ನಾನು ಹುಟ್ಟಿದ್ದು, ಬೆಳೆದದ್ದು, ಲಗ್ನವಾಗಿದ್ದು ಎಲ್ಲ ದಾವಣಗೆರೆಯಲ್ಲೇ. ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದು ಬದುಕಿದವಳು, ಕೆಸರಿಗೆ ಕಾಲಿಟ್ಟವಳಲ್ಲ. ಮಗಳನ್ನು ಹರಿಹರ ತಾಲೂಕಿನ ಭಾನುವಳ್ಳಿಗೆ ಕೊಟ್ಟಿದ್ದೇವೆ. ಅಲ್ಲಿ ಕಾಲುವೆ ನೀರು ಹರಿಯುತ್ತದೆ, ಭತ್ತ ಬೆಳೆಯುತ್ತದೆ, ಬದುವಿನ ತುಂಬ ಏಡಿ. ನಾನು ಹೋದಾಗೆಲ್ಲ ಮಗಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಏಡಿ ಸಾರು ಮಾಡುತ್ತಿದ್ದಳು. ಅವಳು ನನಗಿಂತ ಸ್ವಲ್ಪ ದೊಡ್ಡವಳು. ಎದುರಿಗೆ ರೀ ಅನ್ನುತ್ತೇನೆ, ಬರೆಯುವಾಗ ಅವಳು ಅಂದರೆ ನಡೆಯುತ್ತದೆ.

ಆ ಸಲ ದೀಪಾವಳಿ ಮುಗಿಸಿ ಹೋಗಿದ್ದೆ. ಸಾರು ರುಚಿಯಾಗಿತ್ತು, ಮತ್ತೆ ಮತ್ತೆ ಬಡಿಸಿಕೊಂಡೆ. ಬೀಗಿತ್ತಿ ನನ್ನ ಮಗಳ ಕಡೆ ಮುಖ ಮಾಡಿ, ನನಗೆ ಕೇಳುವ ಹಾಗೆ ಅಂದಳು:

"ನಿಮ್ಮವ್ವ ತಿನ್ನಾಕೆ ಗಟ್ಟಿಗಿತ್ತಿ ನೋಡು. ಹಿಡ್ಯಾಕೆ ಬರ್ರಿ ಅಂದ್ರೆ ಮಾತ್ರ ಪ್ಯಾಟಿಯೋರು."

"ಹಿಡಿಯೋದೇನ್ ದೊಡ್ಡದು ಬಿಡ್ರಿ. ಬಿಲಕ್ಕೆ ಕೈ ಹಾಕೋದು, ಎಳ್ಯೋದು," ಅಂದೆ.

ಅಳಿಯ ಕಿಸಕ್ಕನೆ ನಕ್ಕ. ಬೀಗಿತ್ತಿ ನಗಲಿಲ್ಲ. "ಹಂಗಾರೆ ಮುಂದಿನ ಅಮಾಸಿ ಹೊತ್ತಿಗೆ ಬರ್ರಿ. ಕಾಲುವಿ ನೀರು ನಿಲ್ಲಿಸಿರ್ತಾರೆ, ಏಡಿ ತುಂಬಿರ್ತಾವೆ. ನೀವೇ ಹಿಡೀರಿ, ನೀವೇ ಸಾರು ಮಾಡ್ರಿ. ನಾ ಕುಂತು ಉಣ್ತೀನಿ."

"ಬರ್ತೀನಿ. ಮನಿ ಮಂದಿಗೆಲ್ಲ ಸಾಕಾಗೋವಷ್ಟು ನನ್ನ ಕೈಲೇ ಹಿಡೀಲಿಲ್ಲ ಅಂದ್ರೆ, ಇನ್ ಮ್ಯಾಲೆ ನಿಮ್ಮನೇಲಿ ಏಡಿ ಮುಟ್ಟಲ್ಲ."

ಮಾತು ಬಾಯಿಂದ ಹೋದ ಮೇಲೆ ಯೋಚನೆ ಹತ್ತಿತು. ಏಡಿ ಸಾರು ಬಿಟ್ಟು ಆ ಮನೆಗೆ ಹೋಗಿ ನಾನು ಮಾಡುವುದೇನು? ಮಗಳ ಮುಖ ನೋಡಬಹುದು, ಸರಿ. ಅದನ್ನು ಫೋನಿನಲ್ಲೂ ನೋಡಬಹುದು.

ಅಮಾವಾಸ್ಯೆ ಹತ್ತಿರದ ಭಾನುವಾರ ಬಂತು. ಬೀಗರ ಮನೆಗೆ ಹೋಗುವಾಗ ಕೈ ಬೋಳಾಗಿ ಕಾಣಬಾರದು ಎಂದು ಹಿಂದಿನ ದಿನ ಬಳೆಗಾರನ ಹತ್ತಿರ ಹೋಗಿ ಎರಡೂ ಕೈಗೆ ಹಸಿರು ಗಾಜಿನ ಬಳೆ ತುಂಬ ಇಡಿಸಿಕೊಂಡೆ. ಬಿಗಿ ಬಳೆ. ಸಡಿಲ ಬಳೆ ಇಟ್ಟರೆ ಬೀಗಿತ್ತಿ ಅದಕ್ಕೂ ಒಂದು ಮಾತು ತೆಗೆಯುತ್ತಾಳೆ. ಬಳೆಗಾರ ನನ್ನ ಗಿಣ್ಣು ಹಿಸುಕಿ ಹಿಸುಕಿ ಏರಿಸಿದ. ಬೇಟೆಗೆ ಹೊರಟವಳು ಮಾಡಿಕೊಂಡ ತಯಾರಿ ಅದೊಂದೇ.

ಮೊದಲ ಬಸ್ಸಿಗೆ ಹರಿಹರ, ಅಲ್ಲಿಂದ ಇನ್ನೊಂದು ಬಸ್ಸಿಗೆ ಭಾನುವಳ್ಳಿ. ಚಹಾ ಕುಡಿದು ಮೂವರೂ ಕಾಲುವೆಗೆ ಹೊರಟೆವು: ನಾನು, ಬೀಗಿತ್ತಿ, ನನ್ನ ಮಗಳು. ಮಗಳ ಕೈಯಲ್ಲಿ ಮುಚ್ಚಳದ ಬಕೀಟು.

ನೀರು ನಿಂತ ಕಾಲುವೆಯನ್ನು ನಾನು ನೋಡಿದ್ದು ಅದೇ ಮೊದಲು. ತಳದಲ್ಲಿ ಅಲ್ಲಲ್ಲಿ ಗುಂಡಿ ನೀರು, ಉಳಿದದ್ದೆಲ್ಲ ಕಪ್ಪು ರಾಡಿ. ಎರಡೂ ಕಡೆ ದಡದಲ್ಲಿ ಬಿಲ. ಗದ್ದೆ ಬದುವಿನ ಏಡಿ ಗದ್ದೆಯವನದು, ಕಾಲುವೆ ಏಡಿ ಕೈ ಹಾಕಿದವರದು. ಕಾಲುವೆ ಸರಕಾರದ್ದು, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ದಡ ಅಗೆಯುವ ಹಾಗಿಲ್ಲ. ನೀರು ಬಿಡುವ ನೀರುಗಂಟಿ ಸೈಕಲ್ಲಿನಲ್ಲಿ ಹೋಗುತ್ತ ನಮ್ಮನ್ನು ನೋಡಿ ಕೂಗಿದ: "ಏರಿ ಕೆದರಬ್ಯಾಡ್ರಿ ಯಕ್ಕಾ, ಆಮ್ಯಾಲೆ ಒಡೀತೈತೆ!"

"ನಾ ಎಂದಾರ ಕೆದರೀನೇನಪ್ಪ? ನಂದು ಕೈ ಬೇಟಿ," ಅಂದಳು ಬೀಗಿತ್ತಿ.

ಊರಿನ ಗಂಡಸರು ಕೊಕ್ಕೆ ಮಾಡಿದ ತಂತಿ ಹಾಕಿ ಎಳೆಯುತ್ತಾರಂತೆ. ಅದರಲ್ಲಿ ಕಾಲು ಮುರಿದು ಅರ್ಧ ಏಡಿ ಒಳಗೇ ಉಳಿಯುತ್ತದೆ ಎಂದು ಅವಳಿಗೆ ತಂತಿ ಕಂಡರೆ ಆಗದು. ನನಗೆ ತೋರಿಸಿಕೊಡಲು ಒಂದು ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಬಾಯಾಗೆ ಹಸಿ ಮಣ್ಣಿನ ಉಂಡಿ ಐತಲ್ಲ, ಇದು ರಾತ್ರಿ ತೋಡಿ ಹೊರಗ ಹಾಕಿದ್ದು. ಒಳಗ ಐತೆ. ಬಾಯಿ ನುಣ್ಣಗಿದ್ದು ಮಣ್ಣು ಒಣಗಿದ್ರೆ ಕೈ ಹಾಕಬ್ಯಾಡ್ರಿ."

"ಯಾಕ?"

"ಏಡಿ ಬಿಟ್ ಹೋದ ಮನಿಗೆ ಹಾವು ಬಾಡಿಗಿಗೆ ಬಂದಿರ್ತೈತೆ."

ಹೀಗೆ ಹೇಳಿ ಭುಜದವರೆಗೆ ಕೈ ಹಾಕಿದಳು. ಕಣ್ಣು ಎಲ್ಲೋ ನೋಡುತ್ತಿತ್ತು, ಹಿಟ್ಟಿನ ಡಬ್ಬಿಯಲ್ಲಿ ಏನೋ ಹುಡುಕುವವಳ ಹಾಗೆ. ಸದ್ದಿಲ್ಲದೆ ಕೈ ಹೊರಗೆ ಬಂತು. ಅಂಗೈಯಲ್ಲಿ ದೊಡ್ಡ ಕರಿ ಏಡಿ, ಕಚ್ಚುವ ಕೊಂಬು ಎರಡೂ ಮಡಿಚಿಕೊಂಡಿತ್ತು. ಅದನ್ನು ಅವಳು ಬಕೀಟಿಗೆ ಹಾಕಲಿಲ್ಲ, ಗುಂಡಿ ನೀರಿಗೆ ಬಿಟ್ಟಳು. "ಇವತ್ತು ನಂದು ಲೆಕ್ಕಕ್ಕಿಲ್ಲ. ನಿಮ್ದು ನಡೀಲಿ."

ನಾನು ಹಸಿ ಮಣ್ಣಿನ ಉಂಡೆ ನೋಡಿ ಒಂದು ಬಿಲ ಆರಿಸಿದೆ. ಕೂತೆ. ಕೈ ಹಾಕಿದೆ. ಅಂಗೈ ಹೋಯಿತು, ಬಳೆ ನಿಂತಿತು. ತಳ್ಳಿದೆ. ಛಳ್ ಛಳ್ ಅಂದಿತು. ಬೆರಳ ತುದಿಗೆ ಏನೋ ಗಟ್ಟಿಯಾದದ್ದು ತಾಗಿ ಸರಕ್ಕನೆ ಹಿಂದಕ್ಕೆ ಹೋಯಿತು. ಇನ್ನೂ ತಳ್ಳಿದೆ. ಒಂದು ಬಳೆ ಒಳಗೇ ಚಟ್ ಎಂದು ಒಡೆದು ಮಣಿಕಟ್ಟಿಗೆ ಚುಚ್ಚಿತು. ಕೈ ತೆಗೆದರೆ ಕೆಸರಿನ ಜೊತೆ ರಕ್ತ.

ಎರಡನೇ ಬಿಲದಲ್ಲೂ ಅದೇ. ಮೂರನೆಯದರಲ್ಲೂ ಅದೇ. ಬಳೆ ಸದ್ದಿಗೆ ಏಡಿ ಕೈಗೆಟುಕದಷ್ಟು ಒಳಗೆ ಹೋಗುತ್ತಿತ್ತು. ಬಿಸಿಲು ಏರಿತು. ಬಕೀಟು ಖಾಲಿ. ಬಟ್ಟೆ ಒಗೆಯಲು ಬಂದಿದ್ದ ಊರಿನ ಇಬ್ಬರು ಹೆಂಗಸರು ಏರಿಯ ಮೇಲೆ ಕೂತು ನೋಡತೊಡಗಿದರು. ಒಬ್ಬಳು ದಪ್ಪ, ಒಬ್ಬಳು ತೆಳ್ಳಗೆ.

"ಬೀಗ್ತಿ ಏನ್ ಹಿಡ್ಯಾಕತ್ತಾರ?" ಅಂದಳು ದಪ್ಪನವಳು.

"ಏಡಿಗೆ ಬಳಿ ಇಡ್ಸಾಕ ಬಂದಾರ," ಅಂದಳು ನನ್ನ ಬೀಗಿತ್ತಿ.

ಮೂವರೂ ನಕ್ಕರು. ನನ್ನ ಮಗಳೂ ನಕ್ಕಳು. ನನಗೆ ಸಿಟ್ಟು ಬಂತು. ಬೀಗಿತ್ತಿಯನ್ನು ನೇರ ಕೇಳಿದೆ: "ನಿಮ್ಮ ಕೈ ಹೆಂಗೆ ಹೋಗ್ತೈತೆ? ನನ್ನ ಕೈಗಿಂತ ನಿಮ್ದೇ ದಪ್ಪ ಐತೆ."

ಅವಳು ತನ್ನ ಕೈ ಚಾಚಿ ತೋರಿಸಿದಳು. ಬಳೆ ಇರಲಿಲ್ಲ. ಅವಳ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ನಂದು ಬೋಳು ಕೈ. ಅವ್ನು ಇರೋತಂಕ ನಂಗೂ ಒಂದ್ ಏಡಿ ಸಿಕ್ಕಿದ್ದಿಲ್ಲ. ಅವ್ನು ಹೋದ, ಬಳಿ ತೆಗೆದ್ರು, ಏಡಿ ಸಿಗಾಕ ಹತ್ತಿದ್ವು. ಈ ಊರಾಗ ಕೈ ಬೇಟಿ ಆಡೋ ಹೆಂಗಸ್ರೆಲ್ಲ ನನ್ನಂಗೇ. ನೀವು ಬಿಡ್ರಿ. ನಿಮ್ದು ಮುತ್ತೈದಿ ಕೈ, ಅದಕ್ಕ ಏಡಿ ಸಿಗಲ್ಲ."

ಅವಳು ಅದನ್ನು ಗೋಳಿನ ದನಿಯಲ್ಲಿ ಹೇಳಲಿಲ್ಲ. ಗೆದ್ದವಳ ದನಿಯಲ್ಲೇ ಹೇಳಿದಳು. ಹಾಗೆ ಹೇಳಿದ್ದಕ್ಕೇ ನನಗೆ ತಡೆಯಲಾಗಲಿಲ್ಲ. "ಹಂಗಾರೆ ತೆಗೀತೀನಿ," ಅಂದೆ.

ನಗು ನಿಂತಿತು. ಮಗಳು ಬಕೀಟು ಕೆಳಗಿಟ್ಟಳು. "ಯವ್ವಾ, ಬ್ಯಾಡ. ಅಪ್ಪ ಇದಾನೆ. ಜನ ಏನಂತಾರೆ?"

"ಶಿವ ಶಿವ," ಅಂದಳು ಏರಿ ಮೇಲಿನ ತೆಳ್ಳನೆಯವಳು.

"ನಿಮ್ಮಪ್ಪಂಗೆ ಫೋನ್ ಹಚ್ಚು. ಅವಂದು ಜೀವ, ಅವನ್ನೇ ಕೇಳಾಣ," ಅಂದೆ.

ಮಗಳು ಹಚ್ಚಿದಳು. ನಮ್ಮ ಯಜಮಾನರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ನಾನೂ ಕೂಗಿ ಮಾತಾಡಬೇಕು, ಅವರೂ ಕೂಗಿಯೇ ಆಡುತ್ತಾರೆ. ಇಡೀ ಕಾಲುವೆಗೆ ಕೇಳಿತು.

"ಏಡಿ ಹಿಡ್ಯಾಕೆ ಬಳಿ ಅಡ್ಡ ಬರ್ತಾವೆ. ತೆಗೀಲೇನು?"

"ಏನ್ ತೆಗೀತಿ?"

"ಬಳಿ! ಬಳಿ! ತೆಗೆದ್ರೆ ನಿಮಗೆ ಏನಾರ ಆಗ್ತೈತೆ ಅಂತ ಇಲ್ಲಿ ಅಂಜಾಕತ್ತಾರೆ!"

ಅವರೂ ಕೂಗಿದರು: "ನಿನ್ನ ಬಳಿಯಿಂದ ನಾ ಉಸಿರಾಡಾಕತ್ತಿದ್ರೆ ದಿನಾ ಬಿ.ಪಿ. ಗುಳಿಗಿ ಯಾಕ ನುಂಗಸ್ತಿ? ತೆಗಿ, ಬಿಡು, ಏನಾರ ಮಾಡು. ನಾ ಮ್ಯಾಚ್ ನೋಡಾಕತ್ತೀನಿ." ಫೋನ್ ಇಟ್ಟರು.

ದಪ್ಪನವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮಗಳು ಕೊನೆಗೆ ಅಂದಳು: "ಹಂಗಾದ್ರೆ ಬಲಗೈದು ಅಷ್ಟೇ ತೆಗಿಯವ್ವಾ. ಎಡಗೈದು ಇರ್ಲಿ."

ಅದು ಸರಿ ಕಂಡಿತು. ಬಿಲಕ್ಕೆ ಹೋಗುವುದು ಒಂದೇ ಕೈ ತಾನೆ. ಬಿಗಿ ಬಳೆ, ಎಳೆದರೆ ಬರಲಿಲ್ಲ. ಕಾಲುವೆ ತಳದ ರಾಡಿ ಬೆಣ್ಣೆಯಂತಿತ್ತು. ಅದನ್ನೇ ಬೊಗಸೆಯಲ್ಲಿ ಎತ್ತಿ ಗಿಣ್ಣಿಗೆ ಮೆತ್ತಿಕೊಂಡೆ. ಹೆಬ್ಬೆರಳು ಅಂಗೈಗೆ ಮಡಿಚಿ ಒಂದೊಂದೇ ಜಾರಿಸಿದೆ. ಒಂದೂ ಒಡೆಯಲಿಲ್ಲ. ಮಗಳು ಅವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಬೀಗಿತ್ತಿ ನನ್ನ ಎರಡೂ ಕೈಯನ್ನು ಒಂದಾದ ಮೇಲೊಂದು ನೋಡಿದಳು. "ಒಂದ್ ಕೈ ಮುತ್ತೈದಿ. ಇನ್ನೊಂದ್ ಕೈ ನಮ್ಮ ಕಡೆ ಬಂತು," ಅಂದಳು.

ಬೋಳು ಕೈ ಹಗುರ ಅನ್ನಿಸಿತು. ಲಗ್ನವಾದಾಗಿನಿಂದ ಆ ಕೈ ಸದ್ದಿಲ್ಲದೆ ಒಂದು ಲೋಟ ಎತ್ತಿದ್ದಿಲ್ಲ. ಹೊಸ ಬಿಲದ ಮುಂದೆ ಕೂತು, ಅವಳು ಮಾಡಿದ ಹಾಗೆಯೇ ಎಲ್ಲೋ ನೋಡುತ್ತ ಕೈ ಹಾಕಿದೆ. ಮೊಣಕೈ ಹೋಯಿತು, ಭುಜ ಮಣ್ಣಿಗೆ ತಾಗಿತು. ಒಳಗೆ ತಣ್ಣಗಿತ್ತು. ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು, ಎಳೆದರೆ ಕಪ್ಪೆ. ಅದು ನನ್ನ ಮುಖದ ಮೇಲೆ ಹಾರಿ ಹೋಯಿತು.

"ಅದಕ್ಕೂ ಸಾರು ಮಾಡ್ತೀರೇನ್ರಿ?" ಅಂದಳು ಬೀಗಿತ್ತಿ.

ಮುಖ ಒರೆಸಿಕೊಂಡು ಮುಂದಿನ ಬಿಲಕ್ಕೆ ಹೋದೆ. ಇಲ್ಲಿ ಬೆರಳಿಗೆ ಒರಟು ಅಂಚು ತಾಗಿತು. ಮೇಲಿನಿಂದ ಅದುಮಬೇಕಿತ್ತು. ನಾನು ಎದುರಿನಿಂದ ಹಿಡಿದೆ. ಅದು ನನ್ನ ತೋರುಬೆರಳು ಹಿಡಿಯಿತು. ಕಣ್ಣಲ್ಲಿ ನೀರು ಬಂತು. ಮಗಳು "ಕೈ ತೆಗಿ, ಕೈ ತೆಗಿ" ಎಂದು ಕೂಗಿದಳು. ಕೈ ತೆಗೆದೆ, ಆದರೆ ಏಡಿ ಬಿಡಲಿಲ್ಲ. ಅದು ನನ್ನನ್ನು ಹಿಡಿದುಕೊಂಡಿತ್ತು, ನಾನು ಅದನ್ನು. ಹೊರಗೆ ಎಳೆದು ಬೆರಳಿಗೆ ನೇತುಬಿದ್ದದ್ದನ್ನು ಎಲ್ಲರಿಗೂ ಎತ್ತಿ ತೋರಿಸಿದೆ.

"ನೀರಿಗೆ ಅದ್ದ್ರಿ, ಬಿಡ್ತೈತೆ," ಅಂದಳು ಬೀಗಿತ್ತಿ.

"ಬಿಡಬಾರ್ದು!" ಎಂದು ಹೇಳಿ ಬಕೀಟಿನೊಳಗೇ ಕೈ ಇಳಿಸಿದೆ. ತಳ ತಾಗಿದ ಮೇಲೆ ಅದು ತಾನೇ ಬಿಟ್ಟಿತು. ಮುಚ್ಚಳ ಹಾಕಿದೆ. ಒಳಗೆ ಬರಬರ ಕೆರೆಯುವ ಸದ್ದು. ಅಂಥ ಒಳ್ಳೆಯ ಸದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆಮೇಲೆ ಎದುರಿನಿಂದ ಹಿಡಿಯಲಿಲ್ಲ. ಕೈಯನ್ನು ಬಿಲದ ಮೇಲ್ಭಾಗಕ್ಕೆ ಅಂಟಿಸಿಕೊಂಡು ಹೋಗಿ, ಬೆನ್ನು ಸಿಕ್ಕ ಕೂಡಲೇ ನೆಲಕ್ಕೆ ಒತ್ತಿ ಹಿಡಿದೆ. ಕೆಲವು ತಪ್ಪಿಸಿಕೊಂಡವು. ಹೆಚ್ಚಿನವು ಬಂದವು. ನುಣ್ಣನೆಯ ಬಾಯಿಯ ಒಂದು ಬಿಲದ ಮುಂದೆ ಕೂತವಳು ನಾನೇ ಎದ್ದು ಮುಂದೆ ಹೋದೆ. ಬೀಗಿತ್ತಿ ಅದನ್ನು ನೋಡಿದಳು. ಏರಿ ಮೇಲಿನ ಹೆಂಗಸರು ಬಟ್ಟೆ ಒಗೆಯುವುದು ಬಿಟ್ಟು ನಮ್ಮ ಜೊತೆಗೇ ದಡದುದ್ದಕ್ಕೂ ನಡೆದರು. "ಅಲ್ಲೊಂದೈತೆ ನೋಡ್ರಿ, ಹಸಿ ಮಣ್ಣು ಐತೆ" ಎಂದು ಆ ಶಿವ ಶಿವ ಅಂದವಳೇ ತೋರಿಸತೊಡಗಿದಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಮಗಳ ಕೈಲಿ ಬಕೀಟು ಎತ್ತಲಾಗಲಿಲ್ಲ. ನಾನೇ ಎತ್ತಿಕೊಂಡೆ. ಊರ ಬೀದಿಯಲ್ಲಿ ಬೇಕೆಂದೇ ನಿಧಾನ ನಡೆದೆ.

ಅಡುಗೆಮನೆಗೆ ಬೀಗಿತ್ತಿಯನ್ನು ಬಿಡಲಿಲ್ಲ. ಏಡಿ ಬಿಡಿಸಿ ತೊಳೆದು, ಸಣ್ಣ ಕಾಲುಗಳನ್ನು ಒರಳಿನಲ್ಲಿ ಕುಟ್ಟಿ ರಸ ಹಿಂಡಿದೆ. ಒಣಕೊಬ್ಬರಿ, ಬೆಳ್ಳುಳ್ಳಿ, ಹುರಿದ ಮೆಣಸಿನಕಾಯಿ ರುಬ್ಬಿ ಹಾಕಿ ಕುದಿಸಿದೆ. ಬೆರಳು ಬಾತು ಬದನೆಕಾಯಿಯಷ್ಟಾಗಿತ್ತು. ಖಾರ ತಾಗಿ ಉರಿಯುತ್ತಿತ್ತು. ಆ ಕೈಯಲ್ಲೇ ಬಡಿಸಿದೆ.

ಬೀಗಿತ್ತಿ ಗೋಡೆಗೆ ಒರಗಿ ಕೂತು ಮುದ್ದೆ ಮುರಿದಳು. ಸಾರಿಗೆ ಅದ್ದಿ ನುಂಗಿದಳು. ಅಳಿಯ, ಮಗಳು ಇಬ್ಬರೂ ಅವಳ ಬಾಯಿ ನೋಡುತ್ತಿದ್ದರು.

"ಖಾರ ಜಾಸ್ತಿ ಆಗೈತೆ," ಅಂದಳು.

"ನೀರು ತಂದ್ ಕೊಡ್ಲೇನ್ರಿ?"

"ನೀರ್ ಯಾಕ? ಸಾರು ಹಾಕ್ರಿ."

ಹಾಕಿದೆ. ಮತ್ತೆ ತಟ್ಟೆ ಮುಂದಕ್ಕೆ ತಳ್ಳಿದಳು, ಮತ್ತೆ ಹಾಕಿದೆ. ಕೊಂಬು ಕಡಿದು ಒಳಗಿನದನ್ನು ಹೀರಿದಳು, ತಟ್ಟೆ ಬೆರಳಲ್ಲಿ ಬಳಿದಳು. ಆಮೇಲೆ ಮಗನಿಗೆ ಅಂದಳು: "ನಿಮ್ಮತ್ತೀನ ಇವತ್ತು ಬಸ್ಸಿಗೆ ಬಿಡಬ್ಯಾಡಪ. ಕೆಳಗಿನ ತೂಬಿನ ಕಡೆ ಇನ್ನೂ ಬಿಲ ಅದಾವೆ."

ನನ್ನನ್ನು ಅವಳು ಹೊಗಳಲಿಲ್ಲ. ನನಗೆ ಹೊಗಳಿಕೆ ಬೇಕಾಗಿಯೂ ಇರಲಿಲ್ಲ. ನಾನು ಆಮೇಲೆ ನನ್ನ ಪಾಲಿನದು ಬಡಿಸಿಕೊಂಡು, ಯಾರ ಹಂಗೂ ಇಲ್ಲದೆ, ಹೊಟ್ಟೆ ಬಿರಿಯುವಷ್ಟು ತಿಂದೆ.

ಮರುದಿನ ಬೆಳಿಗ್ಗೆ ಬೀಗಿತ್ತಿ ಏಳುವ ಮೊದಲೇ ಎದ್ದು, ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು, ಬಕೀಟು ತೆಗೆದುಕೊಂಡು ಒಬ್ಬಳೇ ಕೆಳಗಿನ ತೂಬಿಗೆ ಹೋದೆ.